ಕೆರೆ ಮುಚ್ಚಿದ ‘ನಾವು’

“ಒಬ್ಬ ವ್ಯಾಪಾರಿ ಗೋದಾಮು ಕಟ್ಟಲೆಂದು ಊರ ಕೆರೆಗೆ ಟ್ರ್ಯಾಕ್ಟರುಗಟ್ಟಲೆ ಮಣ್ಣು ಸುರಿದ. ಅರ್ಧ ಕೆರೆ ಮುಚ್ಚಿತು. ಮುಚ್ಚಿದವರು ಯಾರೆಂದು ಪತ್ರಿಕೆಯಲ್ಲಿ ಬಂತು? ಊಹಿಸು ನೋಡೋಣ,” ಎಂದರು ಗುರುಗಳು.

ಶಿಷ್ಯ ಪತ್ರಿಕೆಯೊಂದರಲ್ಲಿ ಸಂಪಾದಕೀಯ ಬರೆಯುವವನು. ಅವನು ಕೇಳಿದ್ದೇ ಬೇರೆ. “ಗುರುಗಳೇ, ಊರಿನಲ್ಲಿ ಏನೇ ಕೆಟ್ಟದ್ದಾದರೂ ‘ನಾವು ಎಡವಿದ್ದೇವೆ’ ಎಂದು ಬರೆಯುತ್ತೇನೆ. ಇನ್ನೊಬ್ಬರ ಮೇಲೆ ತಪ್ಪು ಹೊರಿಸುವುದಕ್ಕಿಂತ ಅದು ವಿನಯವಲ್ಲವೇ?” ಎಂದಿದ್ದ. ಉತ್ತರ ಬರಬೇಕಾದ ಕಡೆ ಪ್ರಶ್ನೆ ಬಂದದ್ದರಿಂದ ತಡವರಿಸಿದ. “ವ್ಯಾಪಾರಿ ಎಂದೇ ಬಂದಿರಬೇಕು.”

“ಎಲ್ಲಿಯ ವ್ಯಾಪಾರಿಯೋ, ಪುಣ್ಯಾತ್ಮ!” ಗುರುಗಳು ಮನಸಾರೆ ನಕ್ಕರು. ಆಮೇಲೆ ಹೇಳತೊಡಗಿದರು.

ಸುದ್ದಿಯ ಪುಟದಲ್ಲಿ ‘ನಮ್ಮ ಕೆರೆ ಕಣ್ಮರೆಯಾಗುತ್ತಿದೆ’ ಎಂದು ಬಂತು, ಕೆರೆ ತಾನಾಗಿಯೇ ಎದ್ದು ಹೊರಟಂತೆ. ಅಭಿಪ್ರಾಯದ ಪುಟದಲ್ಲಿ ‘ಕೆರೆಯನ್ನು ಕೊಂದವರು ನಾವೇ, ನಾವೇ ತಲೆ ತಗ್ಗಿಸಬೇಕು’ ಎಂದು ಬಂತು. ಓದಿದವರೆಲ್ಲ ತಲೆದೂಗಿದರು. ಎಲ್ಲರಿಗಿಂತ ಹೆಚ್ಚು ತಲೆದೂಗಿದವನು ವ್ಯಾಪಾರಿ. ಆ ಪುಟವನ್ನು ಕತ್ತರಿಸಿ ಅಂಗಡಿಯ ಗೋಡೆಗೆ ಅಂಟಿಸಿಯೂ ಬಿಟ್ಟ ಅನ್ನು.

ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ಮಳೆಗಾಲಕ್ಕೆ ಮುಂಚೆ ಮನೆಗೊಂದು ಬುಟ್ಟಿಯಂತೆ ಕೆರೆಯ ಹೂಳು ಹೊರಬೇಕು. ಆ ವರ್ಷವೂ ಸಭೆ ಸೇರಿತು. ಪತ್ರಿಕೆಯನ್ನು ಗಟ್ಟಿಯಾಗಿ ಓದಿಸಿದರು. ಮುಚ್ಚಿದವರು ನಾವೆಲ್ಲ ಎಂದ ಮೇಲೆ ಈ ಮಣ್ಣನ್ನೂ ಹೂಳಿನಂತೆಯೇ ಮನೆಗೊಂದು ಬುಟ್ಟಿ ಹೊರೋಣ ಎಂದು ತೀರ್ಮಾನಿಸಿದರು. ‘ನನ್ನ ಮನೆಯಿಂದಲೂ ಒಂದು ಬುಟ್ಟಿ’ ಎಂದ ವ್ಯಾಪಾರಿ. ಚಪ್ಪಾಳೆ ಬಿತ್ತು.

ಸಭೆಯ ಹಿಂದುಗಡೆ ಒಬ್ಬ ಅಗಸಗಿತ್ತಿ ನಿಂತಿದ್ದಳು. ಅವಳು ಬಟ್ಟೆ ಒಗೆಯುವ ಕಲ್ಲು ಆ ಮಣ್ಣಿನ ಅಡಿಯಲ್ಲಿತ್ತು. ಕಲ್ಲಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಒಲೆ ಉರಿಯುವುದಿಲ್ಲ. ವರ್ಷಕ್ಕೆ ಮನೆಗೊಂದು ಬುಟ್ಟಿ ಹೊರುತ್ತ ಕೂತರೆ ಕಲ್ಲು ಮೇಲೆ ಬರುವಷ್ಟರಲ್ಲಿ ಅವಳ ಮೊಮ್ಮಕ್ಕಳು ಮುದುಕರಾಗಿರುತ್ತಿದ್ದರು.

‘ಏನ್ರೀ ಸಾಹುಕಾರ್ರೇ, ಸುರಿಯುವಾಗ ನೀವೊಬ್ಬರೇ, ಹೊರುವಾಗ ಮಾತ್ರ ನಾವೆಲ್ಲರೇ?’ ಎಂದಳು.

‘ಹಾಗನ್ನಬಾರದಮ್ಮ. ಕೆರೆ ಎಲ್ಲರದು.’

‘ಕೆರೆ ಎಲ್ಲರದು. ಮಣ್ಣು ನಿಮ್ಮದು. ನಿಮ್ಮದನ್ನು ನಿಮಗೇ ಮುಟ್ಟಿಸುತ್ತೇನೆ, ತಗೊಳ್ಳಿ.’

ಮರುದಿನ ಬೆಳಿಗ್ಗೆ ಅವಳೂ ಬುಟ್ಟಿ ತುಂಬಿದಳು. ಆದರೆ ಎಲ್ಲರಂತೆ ಕೆರೆ ಏರಿಯ ಆಚೆ ಸುರಿಯಲಿಲ್ಲ. ನೆಟ್ಟಗೆ ಪೇಟೆಗೆ ನಡೆದು ವ್ಯಾಪಾರಿಯ ಅಂಗಡಿಯ ಬಾಗಿಲಲ್ಲಿ ಸುರಿದಳು. ತಿರುಗಿ ಹೋದಳು, ಮತ್ತೊಂದು ತಂದಳು. ಬುಟ್ಟಿ ಹಿಡಿದು ನೋಡುತ್ತ ನಿಂತವರು ಮೊದಲು ನಕ್ಕರು. ಆಮೇಲೆ ಒಬ್ಬ ಅವಳ ಹಿಂದೆ ನಡೆದ. ಅವನ ಹಿಂದೆ ಇನ್ನೊಬ್ಬ. ಮಧ್ಯಾಹ್ನದ ಹೊತ್ತಿಗೆ ಅಂಗಡಿಯ ಬಾಗಿಲು ತೆರೆಯಲು ಬರಲಿಲ್ಲ. ಸಂಜೆ ವ್ಯಾಪಾರಿಯ ಟ್ರ್ಯಾಕ್ಟರುಗಳು ಖಾಲಿಯಾಗಿ ಕೆರೆಗೆ ಬಂದವು, ತುಂಬಿಕೊಂಡು ಹೋದವು. ವಾರದೊಳಗೆ ಕಲ್ಲು ಮೇಲೆ ಬಂತು.

“ಈಗ ಪತ್ರಿಕೆ ಏನು ಬರೆಯಿತು? ‘ನಾವು ಅಂಗಡಿಗೆ ಮಣ್ಣು ಸುರಿದೆವು’ ಎಂದೇ? ಛೆ, ಛೆ! ಅಗಸರ ಓಣಿಯ ಹಾಲವ್ವ, ಗಂಡ ಗುತ್ಯಪ್ಪ ಎಂದು ಹೆಸರು, ಓಣಿ ಎಲ್ಲ ಹಾಕಿ ಬರೆಯಿತು. ಅಭಿಪ್ರಾಯದ ಪುಟ ‘ಇಂಥ ಪುಂಡಾಟವನ್ನು ನಾವು ಸಹಿಸಬೇಕೇ?’ ಎಂದು ಕೇಳಿತು. ಆ ‘ನಾವು’ ಎಂಬುದರ ಒಳಗೆ ವ್ಯಾಪಾರಿ ಇದ್ದ, ಹಾಲವ್ವ ಇರಲಿಲ್ಲ. ತಪ್ಪು ಹಂಚುವಾಗ ಅವಳನ್ನು ಒಳಗೆ ಕರೆದಿದ್ದರು. ಅವಳು ಎದುರು ನಿಂತ ಕೂಡಲೇ ಹೊರಗೆ ಹಾಕಿದರು. ಇದನ್ನು ವಿನಯ ಅಂತೀಯಾ?”

“ಹಾಗಾದರೆ ‘ನಾವು’ ಎಂದು ಬರೆಯಲೇಬಾರದೇ, ಗುರುಗಳೇ?”

“ಯಾಕೆ ಬಾರದು? ಎದೆ ತಟ್ಟಿ ಹೇಳುತ್ತೇನೆ, ಬರೆದುಕೋ: ಹಾಲವ್ವನ ಹಿಂದೆ ಬುಟ್ಟಿ ಹೊತ್ತು ನಡೆದವರು ನಾವು, ಹೋದ ವರ್ಷ ಮೇ ಹನ್ನೆರಡು, ಸೋಮವಾರ.”