ಟ್ರಾಕ್ಟರ್ ಬೀಳುವ ಗುಂಡಿ

ಹೊಟ್ಟೆಚೀಲದಲ್ಲಿ ಮರಿ ಹೊತ್ತುಕೊಂಡೇ ಬಿಲ ತೋಡುವ, ಪುಟ್ಟ ಕರಡಿಯಂಥ ವೊಂಬ್ಯಾಟ್ ಎಂಬ ಪ್ರಾಣಿಗಳನ್ನು ಕಂಡರೆ ಆಸ್ಟ್ರೇಲಿಯಾದ ಒಬ್ಬ ಗೋಧಿ ರೈತನಿಗೆ ಆಗುತ್ತಿರಲಿಲ್ಲ. "ಹೊಲದಲ್ಲಿ ಗುಂಡಿ ತೋಡಿದರೆ ನನ್ನ ಟ್ರಾಕ್ಟರ್ ಗತಿಯೇನು?" ಎನ್ನುತ್ತ ಬಿಲಗಳನ್ನೆಲ್ಲ ಮುಚ್ಚಿಸಿದ.

ಆ ಸೀಮೆಯಲ್ಲಿ ಕೊನೆಗೆ ಉಳಿದದ್ದು ಒಂದೇ ಒಂದು ಮುದಿ ವೊಂಬ್ಯಾಟ್. ಅಳಿದುಹೋಗುತ್ತಿರುವ ಪ್ರಾಣಿಯ ಚಿತ್ರ ತೆಗೆಯಲು ಟಿವಿಯವರು ಬರುತ್ತಾರೆಂದು ತಿಳಿದದ್ದೇ ತಡ, ರೈತ ಬೇಲಿಗೆ "ವೊಂಬ್ಯಾಟ್‌ಗಳ ತವರುಮನೆ" ಎಂಬ ಬೋರ್ಡು ತೂಗುಹಾಕಿ, ಗುದ್ದಲಿ ಹಿಡಿದು ತಾನೇ ಬಿಲ ತೋಡಲು ನಿಂತ.

ಅವನು ಸೊಂಟದುದ್ದ ಇಳಿದಿದ್ದಾಗ ಮುದಿ ವೊಂಬ್ಯಾಟ್ ಅಂಚಿಗೆ ಬಂದು ಇಣುಕಿತು.

"ಬಾ ತಾಯಿ, ನಿನಗೆಂದೇ ಈ ಮನೆ" ಎಂದ ರೈತ.

"ಇದೇನು ಯಜಮಾನರೇ, ಹೊಲದಲ್ಲಿ ಗುಂಡಿ ತೋಡಿದರೆ ಟ್ರಾಕ್ಟರ್ ಗತಿಯೇನು?" ಎನ್ನುತ್ತ ವೊಂಬ್ಯಾಟ್ ಬೆನ್ನು ತಿರುಗಿಸಿ ನಿಂತು, ಹಿಂಗಾಲಿನಿಂದ ಮಣ್ಣೊದ್ದು, ಅವನು ಒಳಗಿರುವಂತೆಯೇ ಗುಂಡಿ ಮುಚ್ಚತೊಡಗಿತು.