ಬಗ್ಗದ ಪಥ್ಯ

“ಗುರುಗಳೇ, ಭಯ ಪೂರ್ತಿ ಹೋದ ಮೇಲೆ ಕೆಲಸಕ್ಕೆ ಕೈ ಹಾಕುವುದೇ ಜಾಣತನವಲ್ಲವೇ?” ಎಂದು ಶಿಷ್ಯ ಮುರಿಗೆಯ್ಯ ಕೇಳಿದ. ಒಮ್ಮೆ ಸಭೆಯಲ್ಲಿ ತಡವರಿಸಿದ ಮೇಲೆ ಅವನು ನಾಲ್ಕು ಜನರೆದುರು ಬಾಯಿ ತೆರೆದಿರಲಿಲ್ಲ. ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ನೇಕಾರನಿದ್ದ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಮಗ್ಗದ ಮೇಲೆ ಬಾಗಿ ನೇಯುವುದು ಅವನ ಕಸುಬು. ಒಂದು ದಿನ ಕುಣಿಯಿಂದ ಮೇಲೇಳುವಾಗ ಸೊಂಟ ಹಿಡಿದುಕೊಂಡಿತು. ನಾಟಿ ವೈದ್ಯ ಎಣ್ಣೆ ತಿಕ್ಕಿ, ಪಟ್ಟಿ ಕಟ್ಟಿ, ತಾನು ಹೇಳುವವರೆಗೆ ಬಗ್ಗಬಾರದೆಂದು ಪಥ್ಯ ಹಾಕಿದ. ಹದಿನೈದು ದಿನದ ಪಥ್ಯ ಅದು. ವೈದ್ಯ ಹತ್ತನೆಯ ದಿನವೇ ತೀರಿಕೊಂಡ.

ಪಥ್ಯ ಹಾಕಿದವರೇ ಬಿಡಿಸಬೇಕೆಂಬುದು ಊರಿನ ನಂಬಿಕೆ. ನೇಕಾರ ನಾಲ್ಕು ವರ್ಷ ಬಗ್ಗಲಿಲ್ಲ. ಒನಕೆ ನುಂಗಿದವನಂತೆ ಓಡಾಡಿದ. ಹಿರಿಯರ ಕಾಲಿಗೂ ಬಾಗದವನನ್ನು ಕಂಡು ಊರವರು ಸೊಕ್ಕು ಎಂದರು. ಅಷ್ಟು ಕಾಪಾಡಿದ ಸೊಂಟವಾದರೂ ನೆಟ್ಟಗಾಯಿತೇ? ಅದೂ ಇಲ್ಲ. ಕೂತರೆ ನೋವು, ನಿಂತರೆ ನೋವು. ನೋವಾದಾಗಲೆಲ್ಲ ಪಥ್ಯ ಕೆಟ್ಟಿತೆಂದು ಹೆದರಿ ಪಟ್ಟಿಯನ್ನು ಇನ್ನಷ್ಟು ಬಿಗಿದ. ಮಗ್ಗದ ಕುಣಿಯಲ್ಲಿ ಹೆಂಡತಿ ಕುಂಬಳಕಾಯಿ ತುಂಬಿಟ್ಟಳು.

ಮಗಳಿಗೆ ಮದುವೆ ಗೊತ್ತಾಯಿತು. ಧಾರೆಯ ಸೀರೆಯನ್ನು ತಂದೆಯೇ ನೇಯುವುದು ಆ ಮನೆತನದ ಪದ್ಧತಿ. ಮಗಳು ತಂದೆಯ ಮುಖ ನೋಡಿ, “ಅಂಗಡ್ಯಾಗಿಂದ ತರೂಣ ಬಿಡಪ್ಪಾ” ಎಂದಳು. ಆ ಮಾತು ಅವನನ್ನು ಸೊಂಟಕ್ಕಿಂತ ಹೆಚ್ಚು ನೋಯಿಸಿತು. ನೇಕಾರನ ಮಗಳು ಕೊಂಡ ಸೀರೆಯುಟ್ಟು ಧಾರೆಗೆ ನಿಲ್ಲುವುದೇ? ನಾಚಿಕೆಯಿಂದ ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ವೈದ್ಯನ ಮಗಳಲ್ಲಿಗೆ ಹೋದ. ಅವಳೂ ತಂದೆಯ ವಿದ್ಯೆ ಕಲಿತವಳು.

“ಅಕ್ಕಾರ, ನಿಮ್ಮ ಅಪ್ಪಾರು ಹಾಕಿದ ಪಥ್ಯ ಹಂಗ ಉಳದೈತ್ರಿ. ನೀವಾದ್ರೂ ಬಿಟ್ಟೈತಿ ಅಂತ ಹೇಳ್ರಿ.”

ಅವಳು ಸೊಂಟವನ್ನು ಒತ್ತಿ ನೋಡಿದಳು. ಮೂಳೆ ಗಟ್ಟಿಯಾಗಿತ್ತು.

“ಬದನಿಕಾಯಿ ಪಥ್ಯ ಹ್ಯಾಂಗ ಬಿಡಸ್ತಾರ, ತಮ್ಮಾ? ಬಾಯಿಲೆ ಹೇಳಿದ್ರ ಬಿಡತೈತೇನು?”

“ಇಲ್ಲರಿ. ಬದನಿಕಾಯಿನ ತಿನಬೇಕು. ಮೊದಲ ಒಂದು ಹೋಳು, ಮರುದಿನ ಎರಡು.”

“ಹಂಗಾರ ಬಗ್ಗು.”

“ಸೊಂಟ ಮುರದ್ರ?”

“ಮುರದ್ರ ಕಟ್ಟಾಕ ನಾ ಇದ್ದೀನಿ. ಬಗ್ಗು.”

ಮೊದಲು ಅವನಿಂದಲೇ ಪಟ್ಟಿ ಬಿಚ್ಚಿಸಿದಳು. ಅವನ ಮಗ್ಗದ ಲಾಳಿಯನ್ನು ತರಿಸಿ ಸೊಂಟದೆತ್ತರದ ಕಟ್ಟೆಯ ಮೇಲಿಟ್ಟು, ಎತ್ತಿಕೊಳ್ಳೆಂದಳು. ಅವನು ಬೆವರುತ್ತ ಎತ್ತಿಕೊಂಡ. ನೋವಾಯಿತು, ಮುರಿಯಲಿಲ್ಲ. ನಾಲ್ಕು ದಿನ ಕಳೆದು ಲಾಳಿ ಮಣೆಯ ಮೇಲೆ ಬಂತು, ಆಮೇಲೆ ನೆಲದ ಮೇಲೆ. ಲಾಳಿ ನೆಲಕ್ಕೆ ಬಂದ ದಿನ ಅವನು ಅರ್ಧ ಬಾಗಿದವನೇ ಹೆದರಿ ಮನೆಗೆ ಓಡಿಹೋದ. ಮರುದಿನ ತಾನಾಗಿಯೇ ಬಂದ. ಪ್ರತಿ ಸಲವೂ ಅವಳು ಕೇಳುತ್ತಿದ್ದುದು ಒಂದೇ: “ಮುರೀತೇನು?” ಅವನು ಇಲ್ಲವೆಂದು ತಲೆಯಲ್ಲಾಡಿಸುತ್ತಿದ್ದ. ತಿಂಗಳಾದ ಮೇಲೆ ಕುಂಬಳಕಾಯಿಗಳನ್ನು ಒಂದೊಂದಾಗಿ ಅವನಿಂದಲೇ ತೆಗೆಸಿ, ಅವನನ್ನು ಕುಣಿಗಿಳಿಸಿದಳು.

ಸೀರೆಯ ಅಂಚು ಅಲ್ಲಲ್ಲಿ ಸಡಿಲವಾಗಿತ್ತು. ಮಗಳು ಅದನ್ನೇ ಉಟ್ಟು ಧಾರೆಗೆ ನಿಂತಳು.

ಗುರುಗಳು ಕತೆ ನಿಲ್ಲಿಸಿದರು. ಮುರಿಗೆಯ್ಯನಿಗೆ ಸಮಾಧಾನವಾಗಲಿಲ್ಲ.

“ಅವನ ನೋವು ಹೋಯಿತೇ, ಗುರುಗಳೇ?”

“ಅಷ್ಟಿಷ್ಟು ಉಳಿಯಿತು.”

“ಭಯ? ಅದು ಯಾವ ದಿನ ಹೋಯಿತು?”

“ಹೋದದ್ದನ್ನು ಅವನು ನೋಡಲಿಲ್ಲ, ನೇಯುತ್ತಿದ್ದ.”