ನೀರುನಾಯಿಯ ಕೂದಲು ಬಾಲದ ಕಡೆಗೆ ಮಲಗಿದ್ದು

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಬೆಟ್ಟಗಳು ಕೂರಲು ಜಾಗ ಹುಡುಕುತ್ತಿದ್ದವು. ನಾನು ಅಲ್ಲಿರಲಿಲ್ಲ, ನಿಜ. ಆದರೆ ಅಲ್ಲಿದ್ದವರು ಯಾರೂ ನನ್ನ ಮಾತು ಸುಳ್ಳು ಅಂತ ಇವತ್ತಿನವರೆಗೆ ಹೇಳಿಲ್ಲ.

ಆಗ ನೀರುನಾಯಿ ಚೆನ್ನವ್ವ ಈಜಲು ಇಳಿದರೆ ಪೊರಕೆ ನೀರಿಗೆ ಬಿದ್ದ ಹಾಗೆ. ಮೈಮೇಲಿನ ಕೂದಲು ಒಂದೊಂದೂ ಒಂದೊಂದು ಕಡೆಗೆ. ನೀರು ಅದಕ್ಕೆ ಸಿಕ್ಕಿಕೊಂಡು ಅವಳನ್ನು ಹಿಂದಕ್ಕೆಳೆಯುತ್ತಿತ್ತು. ಮೀನು ತಪ್ಪಿಸಿಕೊಳ್ಳುತ್ತಿತ್ತು. ದಡದಲ್ಲಿ ಎರಡು ಮರಿಗಳು ಹಸಿದು ಕುಂಯ್ ಕುಂಯ್ ಅನ್ನುತ್ತಿದ್ದವು.

"ಹೊಳೆಯಮ್ಮ, ಸ್ವಲ್ಪ ಬಿಡೇ," ಅಂದಳು ಚೆನ್ನವ್ವ.

"ನಾನೆಲ್ಲಿ ಹಿಡಿದಿದ್ದೀನಿ? ನಿನ್ನ ಮೈಯವರೇ ನನ್ನ ಸೆರಗು ಹಿಡಿದಿದ್ದಾರೆ. ಅವರನ್ನು ಕೇಳು," ಅಂದಳು ಹೊಳೆ.

ಮೈಯವರು ಅಂದರೆ ಜೀವಕೋಶಗಳು. ಚರ್ಮ ಅನ್ನುವುದು ಅವರ ವಠಾರ. ಗೋಡೆಗೆ ಗೋಡೆ ಅಂಟಿದ ಪುಟ್ಟ ಪುಟ್ಟ ಮನೆಗಳು, ಮನೆಗೊಂದು ಕೂದಲು.

ಚೆನ್ನವ್ವ ಕೇಳಿದಳು. ವಠಾರದವರು ಸಭೆ ಸೇರಿ ವಾಸ್ತು ನೋಡಿದರು. ಎಲ್ಲರ ಕೂದಲೂ ಪೂರ್ವಕ್ಕೇ ಇರಬೇಕು ಅಂತ ತೀರ್ಮಾನವಾಯಿತು. ತಿರುಗಿಸಿದರು. ಬಹಳ ಚೆನ್ನಾಗಿತ್ತು. ಅಷ್ಟರಲ್ಲಿ ಮೀನು ಎಡಕ್ಕೆ ಹೋಯಿತು, ಚೆನ್ನವ್ವನೂ ಎಡಕ್ಕೆ ತಿರುಗಿದಳು. ಪೂರ್ವ ಪಕ್ಕಕ್ಕೆ ಹೋಗಿ ಕೂತಿತು. ಕೆಲವರು ಕೂದಲನ್ನು ಮತ್ತೆ ತಿರುಗಿಸಿದರು, ಕೆಲವರು ನಾಳೆ ನೋಡೋಣ ಅಂದರು. ಆ ಮೀನೂ ಹೋಯಿತು. ಸಣ್ಣ ಮರಿಗೆ ಈಗ ಅಳಲೂ ಶಕ್ತಿ ಇರಲಿಲ್ಲ.

ಆಗ ಮೂಗಿನ ತುದಿಯ ಮನೆಯ ಅಜ್ಜಿ ಬಾಯಿಬಿಟ್ಟಳು.

"ಸೂರ್ಯನ ಮುಖ ನೋಡಿದ್ದು ಸಾಕು, ಪಕ್ಕದ ಮನೆ ನೋಡಿ. ನನ್ನ ಮುಂದೆ ಮನೆಯೇ ಇಲ್ಲ, ಹಾಗಾಗಿ ಮುಂದೆ ಯಾವುದು, ಹಿಂದೆ ಯಾವುದು ಅಂತ ನನಗೆ ಗೊತ್ತು. ನಾನು ಹಿಂಬಾಗಿಲಲ್ಲಿ ಕೂದಲು ನೆಡ್ತೀನಿ. ನನ್ನ ಹಿಂಬಾಗಿಲಿಗೆ ನಿನ್ನ ಮುಂಬಾಗಿಲು ಜೋಡಿಸು ಮಗಳೇ. ನೀನೂ ಹಿಂಬಾಗಿಲಲ್ಲೇ ನೆಡು."

"ಆಮೇಲೆ, ಅಜ್ಜಿ?" ಅಂದಳು ಅಜ್ಜಿಯ ಹಿಂದಿನ ಮನೆಯವಳು.

"ನಿನ್ನ ಹಿಂದಿನ ಮನೆಯವಳಿಗೆ ಹೇಳು. ವಠಾರದಲ್ಲಿ ಸುದ್ದಿ ಹಬ್ಬಿಸೋದನ್ನೂ ನಾನೇ ಕಲಿಸಬೇಕಾ?"

ಮೂಗಿನಿಂದ ಹಣೆಗೆ, ಹಣೆಯಿಂದ ಬೆನ್ನಿಗೆ, ಬೆನ್ನಿನಿಂದ ಬಾಲಕ್ಕೆ. ಬಾಲದವರು ಅಜ್ಜಿಯನ್ನು ಕಂಡೇ ಇರಲಿಲ್ಲ. ಆದರೂ ಅವರ ಕೂದಲೂ ಹಿಂದಕ್ಕೇ ಮಲಗಿತು.

ಚೆನ್ನವ್ವ ನೀರಿಗಿಳಿದಳು. ಎಡಕ್ಕೆ ತಿರುಗಿದಳು, ಬಲಕ್ಕೆ ತಿರುಗಿದಳು. ಅವಳು ಬಂದು ಹೋದದ್ದು ಹೊಳೆಗೆ ಗೊತ್ತೇ ಆಗಲಿಲ್ಲ. ಮೀನಿಗೂ ಗೊತ್ತಾಗಲಿಲ್ಲ. ಮೊದಲ ತುತ್ತು ಸಣ್ಣ ಮರಿಗೇ.

ಆ ಪದ್ಧತಿ ಪ್ರಾಣಿಯಿಂದ ಪ್ರಾಣಿಗೆ ಹಬ್ಬಿತು. ಅದಕ್ಕೇ ಇವತ್ತಿಗೂ ನಿಮ್ಮ ಮನೆಯ ಬೆಕ್ಕನ್ನು ತಲೆಯಿಂದ ಬಾಲದ ಕಡೆಗೆ ಸವರಿದರೆ ಕೈ ನುಣ್ಣಗೆ ಜಾರುತ್ತದೆ. ಬಾಲದಿಂದ ತಲೆಯ ಕಡೆಗೆ ಸವರಿದರೆ ಕೂದಲೆಲ್ಲ ಎದ್ದು ನಿಲ್ಲುತ್ತದೆ, ಹಿಂಬಾಗಿಲಿನಿಂದ ನುಗ್ಗಿದವರು ಯಾರು ಅಂತ ನೋಡಲು.